ಕಾಲಿಲ್ಲದ ಫುಟ್‌ಬಾಲ್ ಕ್ಲಬ್ಬು

ಸೆಕ್ರೆಟರಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಸಿಟ್ಟು ಮೊದಲು ಬರುತ್ತಿತ್ತು, ಕಾರಣ ಹಿಂದಿನಿಂದ ಏದುಸಿರು ಬಿಡುತ್ತಾ ಬಂದು ಸೇರಿಕೊಳ್ಳುತ್ತಿತ್ತು. ಆದರೆ ಆ ಮಂಗಳವಾರ ಬೆಳಿಗ್ಗೆ ಮಾತ್ರ ಕಾರಣವೇ ಮೊದಲು ಬಂದು, ಮೈದಾನದ ಗೋಲುಕಂಬಕ್ಕೆ ಅಂಟಿಕೊಂಡು ಅವನಿಗಾಗಿ ಕಾದಿತ್ತು.

'ಪುರಸಭೆಗೆ ಸೇರಿದ ಈ ಖಾಲಿ ಜಾಗವನ್ನು ಕಸದ ಲಾರಿಗಳನ್ನು ನಿಲ್ಲಿಸಲು ಬಳಸಿಕೊಳ್ಳಲು ತೀರ್ಮಾನಿಸಲಾಗಿದೆ. ತಕರಾರು ಇದ್ದವರು ಕಚೇರಿಗೆ ಹಾಜರಾಗತಕ್ಕದ್ದು.'

"ಖಾಲಿ ಜಾಗ!" ಎಂದು ಸೆಕ್ರೆಟರಿ ಅರಚಿದ. ಸುತ್ತ ಯಾರೂ ಇರಲಿಲ್ಲವಾದ್ದರಿಂದ ಗೋಲುಕಂಬಕ್ಕೇ ಬೈದ. "ಖಾಲಿ ಜಾಗವಂತೆ! ಇವರ ತಲೆ ಖಾಲಿ!"

ಅವನ ಹೊಟ್ಟೆಪಾಡು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯದು. ಅಪ್ಪನ ಕಾಲದ ಅಂಗಡಿ. ಗಾಜು, ಮರದ ಪಟ್ಟಿ, ರಟ್ಟು, ಸಣ್ಣ ಮೊಳೆ, ಗೋಂದಿನ ವಾಸನೆ. ಆದರೆ ಊರಿನಲ್ಲಿ ಯಾರೂ ಅವನನ್ನು ಕಟ್ಟಿನ ಅಂಗಡಿಯವನು ಎನ್ನುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಊರ ಫುಟ್‌ಬಾಲ್ ಕ್ಲಬ್ಬಿಗೆ ಅವನೇ ಸೆಕ್ರೆಟರಿ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು, ಚೆಂಡಿಗೆ ಗಾಳಿ ತುಂಬುವವನು, ಹರಿದ ಬಲೆ ಹೊಲಿಯುವವನು, ಗೇಟಿಗೆ ಬೀಗ ಹಾಕುವವನು ಎಲ್ಲ ಅವನೇ. ಈ ಕೆಲಸಗಳನ್ನೆಲ್ಲ ಒಟ್ಟು ಸೇರಿಸಿ ಒಬ್ಬನ ತಲೆಗೆ ಕಟ್ಟಿದರೆ ಅದಕ್ಕೆ ಸೆಕ್ರೆಟರಿ ಎನ್ನುತ್ತಾರೆ ಎಂಬುದು ಕ್ಲಬ್ಬಿನ ಉಳಿದ ಸದಸ್ಯರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಇಪ್ಪತ್ತೆರಡು ಚುನಾವಣೆಗಳಲ್ಲೂ ಅವನಿಗೆ ಎದುರಾಳಿ ಇರಲಿಲ್ಲ. ಅದನ್ನು ಅವನು ಜನಪ್ರಿಯತೆ ಎಂದು ತಿಳಿದಿದ್ದ.

ನೋಟೀಸನ್ನು ಕಿತ್ತು, ಅದರ ಜೊತೆ ಬಂದ ಕಂಬದ ಬಣ್ಣದ ಚಕ್ಕೆಗಳ ಸಮೇತ ಪುರಸಭೆಗೆ ನುಗ್ಗಿದ.

ಕಿಟಕಿಯ ಹಿಂದೆ ದಾಖಲೆ ಗುಮಾಸ್ತ ಕೂತಿದ್ದ. "ಏನು?"

"ತಕರಾರು!"

"ಯಾವ ನೋಟೀಸಿಗೆ?"

ಸೆಕ್ರೆಟರಿ ಅದನ್ನು ಕಿಟಕಿಯೊಳಗೆ ತೂರಿಸಿದ. ಗುಮಾಸ್ತ ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದನ್ನ ಕಿತ್ತಿದ್ಯಾರು?"

"ನಾನೇ!"

"ಅಂಟಿಸಿರೋ ನೋಟೀಸಿಗೆ ತಕರಾರು ತಗೋಬಹುದು ಸ್ವಾಮಿ. ಕಿತ್ತಿರೋದಕ್ಕೆ ಬರಲ್ಲ. ಈಗ ಅದು ನೋಟೀಸೇ ಅಲ್ಲ, ಬರೀ ಕಾಗದ. ಹೋಗಿ ಅಂಟಿಸಿ ಬನ್ನಿ."

ಸೆಕ್ರೆಟರಿ ಹಲ್ಲು ಕಡಿಯುತ್ತಾ ಅಂಗಡಿಗೆ ಹೋದ, ಗೋಂದಿನ ಡಬ್ಬಿ ತಗೊಂಡು ಮೈದಾನಕ್ಕೆ ಹೋದ, ತನ್ನ ಕ್ಲಬ್ಬಿನ ಮರಣಪತ್ರವನ್ನು ತನ್ನ ಕೈಯಾರೆ, ಕಸಬಿನ ಅಭ್ಯಾಸದಿಂದಾಗಿ ಒಂದು ಸುಕ್ಕೂ ಇಲ್ಲದಂತೆ ಅಂಟಿಸಿ ವಾಪಸು ಬಂದ.

"ಅಂಟಿಸಿದ್ರಾ? ಯಾರು ಅಂಟಿಸಿದ್ದು?"

"ಅಯ್ಯೋ, ನಾನೇ ಕಣಯ್ಯಾ!"

"ಸರ್ಕಾರಿ ನೋಟೀಸನ್ನ ಖಾಸಗಿಯವರು ಅಂಟಿಸೋ ಹಾಗಿಲ್ಲವಲ್ಲ..."

ಆಮೇಲೆ ಸೆಕ್ರೆಟರಿಯ ಬಾಯಿಂದ ಹೊರಟದ್ದು ಮಾತಲ್ಲ. ಅದನ್ನು ಕೇಳಿ ನೀರಿನ ತೆರಿಗೆಯ ಸಾಲಿನಲ್ಲಿ ನಿಂತಿದ್ದವರು ಜನನ-ಮರಣದ ಸಾಲಿಗೆ ಸರಿದರು. ಒಳಗಿನ ಕೋಣೆಯ ಬಾಗಿಲು ತೆರೆಯಿತು. ಮುಖ್ಯಾಧಿಕಾರಿ ನಿಂತಿದ್ದರು, ಕನ್ನಡಕ ಹಣೆಯ ಮೇಲೇರಿಸಿಕೊಂಡ ಹೆಂಗಸು. ಮನೆಯಲ್ಲಿ ಮೂರು ಮಕ್ಕಳನ್ನು ಒಟ್ಟಿಗೆ ಪರೀಕ್ಷೆಗೆ ಕೂರಿಸಿದವರಿಗೆ ಮಾತ್ರ ಬರುವಂಥ ತಾಳ್ಮೆ ಆ ಮುಖದಲ್ಲಿತ್ತು.

"ಒಳಗೆ ಬನ್ನಿ. ನೀರು ಕುಡೀರಿ. ಕೂಗೋದು ಮುಗೀತಾ, ಇನ್ನೂ ಇದೆಯಾ?"

"ಇನ್ನೂ ಇದೆ," ಎಂದ ಸೆಕ್ರೆಟರಿ. ಆದರೆ ನೀರು ಕುಡಿದ.

ಮುಖ್ಯಾಧಿಕಾರಿ ವಿಷಯವನ್ನು ಎರಡೇ ಮಾತಿನಲ್ಲಿ ಹೇಳಿದರು. ಪುರಸಭೆಯೇ ಒಂದು ಜಾಗವನ್ನು ಆಟಕ್ಕೆಂದು ಬಿಟ್ಟುಕೊಟ್ಟು ಮೂವತ್ತು ವರ್ಷ ದಾಟಿದ್ದರೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಹಾಗೆ ಬಿಟ್ಟುಕೊಟ್ಟ ಠರಾವು ಇದ್ದರೆ ತೋರಿಸಬೇಕು. ಸೋಮವಾರದೊಳಗೆ. ಇಲ್ಲದಿದ್ದರೆ ಮಂಗಳವಾರ ಲಾರಿಗಳು ಬರುತ್ತವೆ.

"ಠರಾವು ನಿಮ್ಮ ಹತ್ತಿರಾನೇ ಇರಬೇಕಲ್ಲ ಮೇಡಂ!"

ಗುಮಾಸ್ತ ಬಾಗಿಲಲ್ಲಿ ತಲೆ ತೂರಿಸಿದ. "ತಾರೀಖು ಹೇಳಿ, ಐದು ನಿಮಿಷದಲ್ಲಿ ಪುಸ್ತಕ ತೆಗೆದುಕೊಡ್ತೀನಿ. ತಾರೀಖಿಲ್ಲದೆ ಆ ಕೋಣೆಯಲ್ಲಿ ಹುಡುಕೋಕೆ ನಾನೇನು ಇಲಿನಾ? ಇಲಿಗಳೇ ಒಳಗೆ ಹೋಗಿ ದಾರಿ ಸಿಗದೆ ಸತ್ತಿವೆ."

"ಕ್ಲಬ್ಬಿಗೆ ಮೂವತ್ತು ವರ್ಷ ಆಗಿದೆಯಾ?" ಎಂದು ಮುಖ್ಯಾಧಿಕಾರಿ ಕೇಳಿದರು.

ಇಲ್ಲಿ ಸೆಕ್ರೆಟರಿ ಸುಮ್ಮನೆ 'ಆಗಿದೆ, ತಾರೀಖು ಹುಡುಕ್ತೀನಿ' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಿಟ್ಟಿನಲ್ಲಿದ್ದವನ ನಾಲಿಗೆ ಇಳಿಜಾರಿನಲ್ಲಿ ಬಿಟ್ಟ ಚೆಂಡು.

"ಮೂವತ್ತಾ? ಮೇಡಂ, ನಮ್ಮ ಕ್ಲಬ್ಬಿನ ಇತಿಹಾಸ ಅಂತ ನಾನು ಪುಸ್ತಕ ಬರೆದಿದ್ದೀನಿ. ಮುನ್ನೂರು ಪುಟ! ಹುಟ್ಟಿದ ತಾರೀಖು, ಗಳಿಗೆ ಎಲ್ಲ ಅದರಲ್ಲಿದೆ!"

"ಒಳ್ಳೇದೇ ಆಯ್ತು. ಅದನ್ನೇ ತನ್ನಿ," ಎಂದರು ಮುಖ್ಯಾಧಿಕಾರಿ. ಅವರ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. ಅದೇ ಸೆಕ್ರೆಟರಿಯನ್ನು ಹೆಚ್ಚು ಕಂಗೆಡಿಸಿತು.

ಮುನ್ನೂರು ಪುಟದಲ್ಲಿ ಆಗ ಬರೆದದ್ದು ಎಷ್ಟು ಎಂದು ಕೇಳಬೇಡಿ. ಬರೆಯಲು ಪೆನ್ನೂ ಕೊಂಡಿರಲಿಲ್ಲ.

*

ಇತಿಹಾಸ ಬರೆಯಬೇಕೆಂದರೆ ಇತಿಹಾಸದಲ್ಲಿ ಇದ್ದವರನ್ನು ಕೇಳಬೇಕು. ಕ್ಲಬ್ಬಿನ ಮೊದಲ ಟೀಮಿನವರಲ್ಲಿ ಊರಿನಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ಕ್ಷೌರದಂಗಡಿಯ ಎಡಗಾಲಣ್ಣ, ಎಡಗಾಲಿನಲ್ಲಿ ಮೂಲೆಯಿಂದ ಒದ್ದರೆ ಚೆಂಡು ಬಾಗಿ ಹೋಗಿ ಗೋಲು ಸೇರುತ್ತಿತ್ತಂತೆ. ಇನ್ನೊಬ್ಬರು ನಿವೃತ್ತ ಗಣಿತದ ಮೇಷ್ಟ್ರು, ಗೋಲಿನಲ್ಲಿ ನಿಲ್ಲುತ್ತಿದ್ದುದರಿಂದ ಗೋಡೆ ಮೇಷ್ಟ್ರು. ಇಬ್ಬರೂ ಎಣ್ಣೆ ಸೀಗೇಕಾಯಿ. ಮೂವತ್ತೈದು ವರ್ಷದಿಂದ ಪರಸ್ಪರ ಒಂದು ಮಾತಿಲ್ಲ. ಮೇಷ್ಟ್ರು ಕೂದಲು ಕತ್ತರಿಸಿಕೊಳ್ಳಲು ಪಕ್ಕದೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು.

ಎಡಗಾಲಣ್ಣ ಒಬ್ಬ ಗಿರಾಕಿಯ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಸೋಪು ಹಚ್ಚಿದ್ದ.

"ಅಣ್ಣಾ, ಮೈದಾನ ನಮಗೆ ಕೊಟ್ಟಿದ್ದು ಯಾವತ್ತು?"

"ನಾನು ಹೊಸ ಬೂಟು ಹಾಕ್ಕೊಂಡಿದ್ದ ದಿನ! ಕರೀ ಬೂಟು, ಹಳದಿ ಲೇಸು. ಊರಿನಲ್ಲೇ ಮೊದಲನೇದು."

"ತಾರೀಖು ಹೇಳಣ್ಣಾ, ತಾರೀಖು!"

"ಬೇಸಿಗೆ. ಬಿಸಿಲು ಅಂದ್ರೆ ಬಿಸಿಲು. ಬೂಟು ಮಿಂಚ್ತಾ ಇತ್ತು. ಆ ಫೋಟೋದಲ್ಲಿ ನೋಡಬೇಕಿತ್ತು ನೀನು. ಎಲ್ಲಿ ನೋಡ್ತೀಯ? ಆ ಗೋಡೆ ಇದ್ದಾನಲ್ಲ ಗೋಡೆ, ಅವನು ಹೊಟ್ಟೆಕಿಚ್ಚಿಗೆ ನನ್ನ ಕಾಲೇ ಕತ್ತರಿಸಿಬಿಟ್ಟ!" ಕತ್ತಿ ಗಾಳಿಯಲ್ಲಿ ಬೀಸಿತು. ಗಿರಾಕಿ ಕುರ್ಚಿಯಿಂದ ಮೆಲ್ಲಗೆ ಜಾರಿ, ಅರ್ಧ ಗಡ್ಡದಲ್ಲೇ ಬಾಗಿಲು ದಾಟಿದ.

ಮೇಷ್ಟ್ರ ಮನೆಯಲ್ಲಿ ಬೇಸಿಗೆ ಇರಲಿಲ್ಲ.

"ಮಳೆಗಾಲ ಕಣಯ್ಯಾ. ಕೆಸರು. ಆ ದಿನ ನಾನು ಮೂರು ಗೋಲು ತಡೆದೆ."

"ಎಷ್ಟು ಬಿಟ್ಟಿರಿ ಸಾರ್?"

"ಬಿಟ್ಟಿದ್ದನ್ನ ಯಾರು ಎಣಿಸ್ತಾರೆ?" ಎಂದರು ಗಣಿತದ ಮೇಷ್ಟ್ರು. "ನನ್ನ ಕಾಲ ಹತ್ತಿರ ಚೆಂಡು ಇತ್ತು ಆ ಫೋಟೋದಲ್ಲಿ. ಚೆಂಡು ನನ್ನ ಹತ್ತಿರ ಇರೋದು ಆ ಕ್ಷೌರದವನಿಗೆ ಸಹಿಸೋಕಾಗಲಿಲ್ಲ. ಕತ್ತರಿ ಅವನ ಕೈಯಲ್ಲೇ ಇತ್ತಲ್ಲ, ಕಚಕ್!"

ವಿಷಯ ಇಷ್ಟು. ಪುರಸಭೆಯ ಅಧ್ಯಕ್ಷರು ಮೈದಾನ ಬಿಟ್ಟುಕೊಟ್ಟ ದಿನ ತೆಗೆಸಿದ ಫೋಟೋ ಅದು. ಕೆಳಗಡೆ ಬಿಳಿ ಪಟ್ಟಿಯಲ್ಲಿ ಎಲ್ಲರ ಹೆಸರು, ತಾರೀಖು, ಯಾತಕ್ಕೆ ತೆಗೆಸಿದ್ದು ಎಂಬುದೆಲ್ಲ ಅಚ್ಚಾಗಿತ್ತು. ಕಟ್ಟು ಹಾಕಿಸಲು ಕೊಟ್ಟು ಬಂದವರು ಮೇಷ್ಟ್ರು, ತಂದವನು ಎಡಗಾಲಣ್ಣ. ಕ್ಲಬ್ಬಿನ ಗೋಡೆಗೆ ತೂಗುಹಾಕಿ ನೋಡಿದರೆ ಪಟ್ಟಿಯೂ ಇಲ್ಲ, ಚೆಂಡೂ ಇಲ್ಲ, ಹನ್ನೊಂದು ಜನರಲ್ಲಿ ಒಬ್ಬರಿಗೂ ಪಾದವಿಲ್ಲ. ಕೊಡುವ ಮೊದಲೇ ಕತ್ತರಿಸಿದ್ದ ಎಂದು ಇವನು, ತಂದ ಮೇಲೆ ಕತ್ತರಿಸಿದ ಎಂದು ಅವರು. ಜಗತ್ತಿನಲ್ಲಿ ಕಾಲು ಕೆರೆದು ಜಗಳಕ್ಕೆ ನಿಂತವರು ಎಷ್ಟೋ ಜನ. ಇಲ್ಲದ ಕಾಲಿಗಾಗಿ ಮೂವತ್ತೈದು ವರ್ಷ ಜಗಳ ಆಡಿದವರು ಇವರಿಬ್ಬರೇ.

ಶುಕ್ರವಾರದ ಹೊತ್ತಿಗೆ ಸೆಕ್ರೆಟರಿಯ ಬಳಿ ಇದ್ದ ಇತಿಹಾಸವೆಂದರೆ: ಒಂದು ದಿನ ಬೇಸಿಗೆಯೂ ಮಳೆಗಾಲವೂ ಆಗಿತ್ತು. ಇಷ್ಟನ್ನು ಮುನ್ನೂರು ಪುಟಕ್ಕೆ ಎಳೆಯುವುದು ಕಷ್ಟ. ಕೈಲಾಗದೆ ಫೋಟೋವನ್ನೇ ಗೋಡೆಯಿಂದಿಳಿಸಿ ಪುರಸಭೆಗೆ ಹೊತ್ತ.

ಮುಖ್ಯಾಧಿಕಾರಿ ಕನ್ನಡಕ ಕೆಳಗಿಳಿಸಿ ತುಂಬ ಹೊತ್ತು ನೋಡಿದರು. "ಇದು ಫುಟ್‌ಬಾಲ್ ಟೀಮು ಅಂತ ಹೇಗೆ ಹೇಳ್ತೀರಿ?"

"ನೋಡಿದ್ರೆ ಗೊತ್ತಾಗಲ್ವಾ ಮೇಡಂ?"

"ಕಾಲೇ ಇಲ್ಲವಲ್ಲ."

ಗುಮಾಸ್ತ ಭುಜದ ಮೇಲಿಂದ ಇಣುಕಿದ. "ಬ್ಯಾಂಡ್ ಸೆಟ್ಟಿನವರು ಇರಬಹುದು ಮೇಡಂ. ಎಲ್ಲರಿಗೂ ಒಂದೇ ಥರ ಅಂಗಿ. ಕೊನೇಲಿರೋನ ಬಾಯಲ್ಲಿ ಸೀಟಿ ಬೇರೆ ಇದೆ."

"ಬ್ಯಾಂಡ್ ಸೆಟ್ಟಾ! ನಿನ್ನ..." ಸೆಕ್ರೆಟರಿ ಎದ್ದು ನಿಂತ. ಮುಖ್ಯಾಧಿಕಾರಿ ನೀರಿನ ಲೋಟ ಮುಂದಕ್ಕೆ ತಳ್ಳಿದರು.

"ಆ ಪುಸ್ತಕ ತನ್ನಿ ಸಾಕು," ಎಂದರು ಮೆಲ್ಲಗೆ. "ಸೋಮವಾರ, ಹನ್ನೊಂದು ಗಂಟೆಗೆ."

*

ಸಿಟ್ಟಿಗೆ ಈಗ ಒಂದು ಗುರಿ ಸಿಕ್ಕಿತು. ಲಾರಿ ಅಲ್ಲ, ನೋಟೀಸಲ್ಲ, ಗುಮಾಸ್ತನೂ ಅಲ್ಲ. ಕತ್ತರಿಸಿದವನು! ಅವನೊಬ್ಬ ಕತ್ತರಿಸದೆ ಇದ್ದಿದ್ದರೆ ತಾರೀಖು ಇರುತ್ತಿತ್ತು, ತಾರೀಖು ಇದ್ದಿದ್ದರೆ ಮೈದಾನ ಇರುತ್ತಿತ್ತು.

ಶನಿವಾರ ಸಂಜೆ, ಸೈಕಲ್ ಅಂಗಡಿಯ ಹಿಂದಿನ ಕ್ಲಬ್ ಕೋಣೆಯಲ್ಲಿ ತುರ್ತು ಸಭೆ ಕರೆದ. ಹದಿನಾಲ್ಕು ಜನ ಬಂದರು. ಎಡಗಾಲಣ್ಣ ಆ ಮೂಲೆ, ಗೋಡೆ ಮೇಷ್ಟ್ರು ಈ ಮೂಲೆ. ನಡುವೆ ಸೆಕ್ರೆಟರಿ ನಿಂತು ಮುಕ್ಕಾಲು ಗಂಟೆ ಮಾತಾಡಿದ. ಅಂಥ ಭಾಷಣ ಆ ಕೋಣೆ ಕೇಳಿರಲಿಲ್ಲ.

"ಯಾರವನು? ಯಾವ ಕೈ ಅದು? ಹೆತ್ತ ತಾಯಿಯ ಕಾಲು ಕತ್ತರಿಸಿದ ಹಾಗೆ ಕ್ಲಬ್ಬಿನ ಕಾಲು ಕತ್ತರಿಸಿದ ಪಾಪಿ! ಅವನು ಇವತ್ತೂ ಈ ಊರಲ್ಲೇ ಇದ್ದಾನೆ! ನಮ್ಮ ನಡುವೇನೇ ಕೂತು ಊಟ ಮಾಡ್ತಾನೆ, ನಿದ್ದೆ ಮಾಡ್ತಾನೆ! ಅವನಿಗೆ ಕ್ಷಮೆ ಇಲ್ಲ!"

"ಇಲ್ಲ!" ಎಂದ ಎಡಗಾಲಣ್ಣ ಮೇಷ್ಟ್ರನ್ನು ನೋಡುತ್ತಾ.

"ಖಂಡಿತ ಇಲ್ಲ!" ಎಂದರು ಮೇಷ್ಟ್ರು ಚಾವಣಿಯನ್ನು ನೋಡುತ್ತಾ.

ಠರಾವು ಮಂಡಿಸಿದವನು ಸೆಕ್ರೆಟರಿ, ಬರೆದವನೂ ಸೆಕ್ರೆಟರಿ: 'ಸದರಿ ಫೋಟೋವನ್ನು ಕತ್ತರಿಸಿದವರು ಯಾರೇ ಆಗಿರಲಿ, ಎಷ್ಟೇ ದೊಡ್ಡವರಾಗಿರಲಿ, ಗೊತ್ತಾದ ಕ್ಷಣದಿಂದ ಅವರ ಸದಸ್ಯತ್ವ ರದ್ದು. ಜೀವ ಇರುವತನಕ ಮೈದಾನದ ಗೇಟಿನೊಳಗೆ ಅವರು ಕಾಲಿಡತಕ್ಕದ್ದಲ್ಲ.' ಹದಿನಾಲ್ಕು ಕೈ ಮೇಲೆದ್ದವು. 'ಎಷ್ಟೇ ದೊಡ್ಡವರಾಗಿರಲಿ' ಎಂಬ ಮಾತಿಗೆ ಸೆಕ್ರೆಟರಿ ಕೆಳಗೆ ಎರಡು ಗೆರೆ ಎಳೆದ. ಆ ಗೆರೆಗಳನ್ನು ಎಳೆಯುವಾಗ ಆದಷ್ಟು ಸಂತೋಷ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲ.

*

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಭಾಷಣ ಮುಗಿದಿರಲಿಲ್ಲ. ಎದುರಿಗೆ ಮಗಳು, ಒಂಬತ್ತನೇ ಕ್ಲಾಸು. ಹುಡುಗಿಯರ ಟೀಮಿನಲ್ಲಿ ಹಿಂದೆ ನಿಂತು ಆಡುವವಳು. ಬೆಳಗಿನ ಆಟದ ಕೆಸರು ಇನ್ನೂ ಮೊಣಕಾಲಿನಲ್ಲಿತ್ತು.

"ಕೈಗೆ ಸಿಕ್ಕರೆ ಕೈ ಮುರೀತೀನಿ!" ಎಂದ ಸೆಕ್ರೆಟರಿ ತುತ್ತು ನುಂಗುತ್ತಾ.

ಅವನ ಹೆಂಡತಿ ಪಕ್ಕದ ಕೋಣೆಯಲ್ಲಿ ಫೋಟೋ ಇಟ್ಟುಕೊಂಡು ಕೂತಿದ್ದಳು. ಅಂಗಡಿಯ ಅರ್ಧ ಕೆಲಸ ಅವಳದೇ. ಗಾಜು ಕೊರೆಯುವುದರಲ್ಲಂತೂ ಅವಳ ಕೈ ಗಂಡನಿಗಿಂತ ನೇರ. "ಏನ್ರೀ, ಕತ್ತರಿಸದೆ ಹಿಂದಕ್ಕೆ ಮಡಚಿರಬಹುದಲ್ಲ? ಒಂದು ಸಲ ಬಿಚ್ಚಿ ನೋಡಲಾ?"

"ಗಾಜು ಒಡೀದೆ ಇರೋ ಕಟ್ಟನ್ನ ಬಿಚ್ಚಬಾರದು! ಅಪ್ಪ ಹೇಳಿದ ಮೊದಲನೇ ಪಾಠ ಅದು! ಆ ಪಾಠ ಕಲಿಯೋಕೆ ನಾನು..."

ಮೊಳೆಗಳನ್ನು ಒಂದೊಂದಾಗಿ ಇಕ್ಕಳದಿಂದ ಎಳೆಯುವ ಸದ್ದು ಕೇಳಿತು. ಆಮೇಲೆ ರಟ್ಟು ತೆಗೆದ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ.

"ಮಡಚಿದ್ದಾರಾ?" ಎಂದು ಸೆಕ್ರೆಟರಿ ಕೂಗಿದ.

"ಇಲ್ಲ. ಕತ್ತರಿಸಿರೋದೇ. ಆದ್ರೆ ಕತ್ತರಿಸಿದವನು ಸಿಕ್ಕಿದ."

"ಯಾರವನು! ಎಲ್ಲಿದಾನೆ?"

"ಊಟ ಮಾಡ್ತಿದಾನೆ."

ಸೆಕ್ರೆಟರಿ ಮಗಳನ್ನು ನೋಡಿದ. ಮಗಳು ಅಪ್ಪನನ್ನು ನೋಡಿದಳು. ಮೂವತ್ತೈದು ವರ್ಷದ ಹಿಂದೆ ತಾನು ಹುಟ್ಟಿರಲಿಲ್ಲ ಎಂಬುದು ಅವಳಿಗೆ ಬೇಗ ಹೊಳೆಯಿತು.

ಹೆಂಡತಿ ರಟ್ಟನ್ನು ತಂದು ತಟ್ಟೆಯ ಪಕ್ಕ ಇಟ್ಟಳು. ಅಂಗಡಿಯ ಮೊಹರು. ಅದರ ಕೆಳಗೆ ಪೆನ್ಸಿಲಿನಲ್ಲಿ ಗುಂಡುಗುಂಡಾದ, ಆಗಷ್ಟೇ ಮೀಸೆ ಮೂಡಿದ ಹುಡುಗನ ಅಕ್ಷರ. ಗಿರಾಕಿಯ ಚಿತ್ರದಿಂದ ಏನೇ ಕತ್ತರಿಸಿದರೂ ಹಿಂಬದಿಯ ರಟ್ಟಿನ ಮೇಲೆ ಬರೆದು ಸಹಿ ಹಾಕಬೇಕು ಎಂಬುದು ಅವನಪ್ಪ ಹೇಳಿಕೊಟ್ಟ ಎರಡನೇ ಪಾಠ. ತಪ್ಪು ಯಾರದೆಂದು ಅಂಗಡಿಗಾದರೂ ಗೊತ್ತಿರಬೇಕು ಎನ್ನುತ್ತಿದ್ದರು ಅವರು.

ಮಗಳು ಜೋರಾಗಿ ಓದಿದಳು. "'ಪುರಸಭೆ ಮೈದಾನದ ಫುಟ್‌ಬಾಲ್ ಟೀಮು. ಫ್ರೇಮಿನ ಅಳತೆಗೆ ಹೊಂದಲಿಲ್ಲವಾದ್ದರಿಂದ ಕೆಳಗಿನಿಂದ ಎರಡು ಇಂಚು ಕತ್ತರಿಸಿದೆ. ಅದರಲ್ಲಿ ಹೋದದ್ದು: ಹನ್ನೊಂದು ಜನರ ಕಾಲು, ಚೆಂಡು ಒಂದು, ಹಾಗೂ ಈ ಬರಹ: ಪುರಸಭೆಯ ಅಧ್ಯಕ್ಷರು ಈ ಮೈದಾನವನ್ನು ಕ್ಲಬ್ಬಿಗೆ ಆಟಕ್ಕಾಗಿ ಬಿಟ್ಟುಕೊಟ್ಟ ದಿನ.' ಅಪ್ಪಾ! ತಾರೀಖು ಇದೆ! ತಾರೀಖು, ತಿಂಗಳು, ವರ್ಷ! ಕೆಳಗೆ ನಿನ್ನ ಸಹಿ!"

ಅಂಗಡಿಗೆ ಸೇರಿದ ಮೊದಲ ತಿಂಗಳು. ಹದಿನೇಳು ವರ್ಷ. ದಿನಕ್ಕೆ ಇಪ್ಪತ್ತು ಚಿತ್ರ ಕತ್ತರಿಸುತ್ತಿದ್ದ. ಆಗ ಅವನಿಗೆ ಫುಟ್‌ಬಾಲು ಅಂದರೆ ಆಗುತ್ತಿರಲಿಲ್ಲ. ತಲೆಗಳು ಉಳಿದರೆ ಸಾಕು, ಕಾಲು ಯಾರು ನೋಡುತ್ತಾರೆ ಎಂದುಕೊಂಡಿರಬೇಕು. ಸೆಕ್ರೆಟರಿಯ ಮುಖದಲ್ಲಿ ರಕ್ತ ಏರಿತು, ಇಳಿಯಿತು, ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಕಿವಿಯಲ್ಲಿ ಉಳಿಯಿತು. ಬೈಯಬೇಕು. ಯಾರನ್ನು? ಜೀವನದಲ್ಲಿ ಮೊದಲ ಬಾರಿಗೆ ಅವನ ಸಿಟ್ಟಿಗೆ ಕಾರಣವಿತ್ತು, ಅಪರಾಧಿಯಿದ್ದ, ಸಾಕ್ಷಿಯಿತ್ತು, ಬೈಯಲು ಜಾಗವಿರಲಿಲ್ಲ.

"ಇದನ್ನ ಹಾಗೇ ಮತ್ತೆ ಮುಚ್ಚಿಬಿಡು," ಎಂದ ಕೊನೆಗೆ ಸಣ್ಣ ದನಿಯಲ್ಲಿ. "ತಾರೀಖು ಮಾತ್ರ ಒಂದು ಚೀಟೀಲಿ ಬರ್ಕೊಂಡು ಹೋಗ್ತೀನಿ."

"ತಾರೀಖು ಎಲ್ಲಿ ಸಿಕ್ತು ಅಂತ ಕೇಳಿದ್ರೆ?" ಎಂದಳು ಹೆಂಡತಿ.

"ಪುಸ್ತಕದಲ್ಲಿ ಅಂತೀನಿ."

"ಯಾವ ಪುಸ್ತಕ?"

ಮಗಳು ಕೈ ತೊಳೆದು ಬಂದು ಎದುರಿಗೆ ನಿಂತಳು. ಅವಳ ಹುಬ್ಬು ಗಂಟಿಕ್ಕಿದ್ದು ಥೇಟ್ ಅಪ್ಪನ ಹಾಗೆಯೇ ಇತ್ತು. "ನಾಳಿದ್ದು ಲಾರಿ ಬಂದ್ರೆ ನಾವೆಲ್ಲಿ ಆಡೋದು? ನಿನಗೆ ಮೈದಾನ ಬೇಕಾ ಅಪ್ಪಾ, ಸೆಕ್ರೆಟರಿ ಅನ್ನಿಸಿಕೊಳ್ಳೋದು ಬೇಕಾ?"

"ಎರಡೂ ಬೇಕು!" ಎಂದು ಗುಡುಗಿದ. ಆದರೆ ಆ ಗುಡುಗಿನಲ್ಲಿ ನೀರಿರಲಿಲ್ಲ.

*

ಸೋಮವಾರ ಹನ್ನೊಂದಕ್ಕೆ ಮುಖ್ಯಾಧಿಕಾರಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನ್ನೂರು ಪುಟದಲ್ಲಿ ತನ್ನ ಬೂಟಿಗೆ ಎಷ್ಟು ಪುಟ ಸಿಕ್ಕಿದೆ ಎಂದು ನೋಡಲು ಎಡಗಾಲಣ್ಣ ಬಂದಿದ್ದ. ತಾನು ತಡೆದ ಗೋಲುಗಳ ಲೆಕ್ಕ ಸರಿಯಿದೆಯೇ ಎಂದು ನೋಡಲು ಮೇಷ್ಟ್ರು ಬಂದಿದ್ದರು. ಒಬ್ಬ ಕಿಟಕಿಯ ಪಕ್ಕ, ಇನ್ನೊಬ್ಬರು ಬಾಗಿಲ ಪಕ್ಕ.

ಸೆಕ್ರೆಟರಿ ಚೀಟಿ ಮುಂದಿಟ್ಟ. ಗುಮಾಸ್ತ ಅದನ್ನೆತ್ತಿ ನೋಡಿದ.

"ತಾರೀಖು ಸರಿ. ಆದ್ರೆ ಯಾವ ಆಧಾರ ಅಂತ ಅರ್ಜಿಯಲ್ಲಿ ಬರೀಬೇಕು. ಆಧಾರ ಇಲ್ಲದ ತಾರೀಖಿಗೆ ನಾನು ಆ ಕೋಣೆ ಬೀಗ ತೆಗೆಯಲ್ಲ. ಯಾರು ಬೇಕಾದ್ರೂ ತಾರೀಖು ಬರೀಬಹುದು, ನಾನೂ ಬರೀತೀನಿ, ಬರೀಲಾ?"

"ಪುಸ್ತಕ ಎಲ್ಲಿ?" ಎಂದರು ಮುಖ್ಯಾಧಿಕಾರಿ.

ಸೆಕ್ರೆಟರಿ ಕೋಣೆಯನ್ನು ಸುತ್ತ ನೋಡಿದ. ಕಿಟಕಿಯಾಚೆ, ಪುರಸಭೆಯ ಅಂಗಳದಲ್ಲಿ, ಮೂರು ಕಸದ ಲಾರಿಗಳನ್ನು ಯಾರೋ ತೊಳೆಯುತ್ತಿದ್ದರು. ನಾಳೆಗೆ ಸಿದ್ಧತೆ. ಅದನ್ನು ಕಂಡೊಡನೆ ಅವನ ಹೊಟ್ಟೆಯಿಂದ ಏನೋ ಎದ್ದು ಬಂತು. ಅದು ಧೈರ್ಯ ಎಂದು ಮುಂದೆ ಕೆಲವರು ಹೇಳಿದರು. ಅದು ಬರೀ ಸಿಟ್ಟು. ಹೊರಗೆ ಹೋಗಲು ಹಿಂದಿನ ಮಧ್ಯಾಹ್ನದಿಂದ ದಾರಿ ಸಿಗದೆ ಒಳಗೇ ಸುತ್ತುತ್ತಿದ್ದದ್ದು ಈಗ ತನ್ನ ಯಜಮಾನನನ್ನೇ ಕಚ್ಚಿತು.

ಚೀಲದಿಂದ ರಟ್ಟನ್ನೆಳೆದು ಮೇಜಿನ ಮೇಲೆ ಬಡಿದ.

"ಪುಸ್ತಕ ಇಲ್ಲ! ಒಂದು ಪುಟಾನೂ ಬರೆದಿಲ್ಲ! ಸುಳ್ಳು ಹೇಳಿದೆ! ಇದೇ ಇತಿಹಾಸ, ಓದ್ಕೊಳ್ಳಿ! ಆ ಕಾಲುಗಳನ್ನ ಕತ್ತರಿಸಿದವನು ನಾನು! ನಾನೇ! ಹದಿನೇಳು ವರ್ಷದ ಕತ್ತೆ ನಾನು! ಕೆಳಗಿರೋ ಸಹಿ ನನ್ನದು! ಥೂ, ನನ್ನ ಕೈಗಿಷ್ಟು ಬೆಂಕಿ ಹಾಕ!"

ಲಾರಿ ತೊಳೆಯುತ್ತಿದ್ದವನು ಪೈಪು ನಿಲ್ಲಿಸಿದ.

ಮುಖ್ಯಾಧಿಕಾರಿ ರಟ್ಟನ್ನು ಎರಡು ಸಲ ಓದಿದರು. "ಇದು ಸಾಕು," ಎಂದರು. "ಮೂವತ್ತೈದು ವರ್ಷದ ಹಿಂದೆ ಯಾರೂ ತಮ್ಮ ಮೇಲೆ ತಾವೇ ಇಷ್ಟು ಚೊಕ್ಕವಾಗಿ ಮಾಡದ ತಪ್ಪು ಬರೆದಿಟ್ಟಿರೋದಿಲ್ಲ. ತೆಗೆಯಪ್ಪಾ ಬೀಗ."

ಗುಮಾಸ್ತ ಹೋದ. ಐದು ನಿಮಿಷ ಎಂದದ್ದು ಐವತ್ತು ನಿಮಿಷವಾಯಿತು. ತಲೆಯ ತುಂಬ ಜೇಡರಬಲೆ ಹೊತ್ತು, ಎದೆಗೆ ಒಂದು ದಪ್ಪ ಪುಸ್ತಕ ಅವುಚಿಕೊಂಡು ಬಂದ. ಅದೇ ತಾರೀಖು. ಅದೇ ಮೈದಾನ. ಠರಾವು, ಅಧ್ಯಕ್ಷರ ಸಹಿ, ಮೊಹರು ಎಲ್ಲ ಇದ್ದವು. ಮುಖ್ಯಾಧಿಕಾರಿ ನೋಟೀಸು ರದ್ದೆಂದು ಬರೆದು ಸಹಿ ಮಾಡಿದರು. ಮೈದಾನ ಉಳಿಯಿತು.

ಈಗ ಎಡಗಾಲಣ್ಣ ಕಿಟಕಿಯಿಂದ ಒಂದು ಹೆಜ್ಜೆ ಮುಂದೆ ಬಂದ. ಗೋಡೆ ಮೇಷ್ಟ್ರು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಒಬ್ಬರ ಮುಖ ಒಬ್ಬರು ನೋಡಿದರು. ಗಂಟಲು ಸರಿಮಾಡಿಕೊಂಡರು. ಮೂವತ್ತೈದು ವರ್ಷದ ಮೇಲೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳುವ ಮೊದಲ ಮಾತು ಏನಿರಬಹುದೆಂದು ಮುಖ್ಯಾಧಿಕಾರಿಗಳೂ ಪೆನ್ನು ಕೆಳಗಿಟ್ಟು ಕಾದರು.

"ಬಾಗಿಲು ಹಾಕ್ರೀ ಮೇಷ್ಟ್ರೇ!" ಎಂದ ಎಡಗಾಲಣ್ಣ.

"ಹಾಕಿದೆ! ನೀನು ಆ ಕಡೆಯಿಂದ ಹಿಡ್ಕೋ!" ಎಂದರು ಮೇಷ್ಟ್ರು.

ಸೆಕ್ರೆಟರಿ ಮೇಜಿನ ಸುತ್ತ ಮೂರು ಸುತ್ತು ಓಡಿದ. ಮೇಷ್ಟ್ರು ಗೋಲಿನಲ್ಲಿ ನಿಂತ ಹಾಗೆಯೇ ಎರಡೂ ಕೈ ಚಾಚಿ ನಿಂತಿದ್ದರು, ಮತ್ತು ಹಿಂದೆ ಚೆಂಡು ನುಸುಳುತ್ತಿದ್ದ ಹಾಗೆಯೇ ಅವರ ತೋಳಿನ ಕೆಳಗಿಂದ ಅವನು ನುಸುಳಿ, ಬಾಗಿಲು ತೆಗೆದು ಪಾರಾದ.

*

ಆ ಸಂಜೆಯೇ ಸಭೆ ಸೇರಿತು. ಸಿಟ್ಟು ಅಷ್ಟರಲ್ಲಿ ತಣ್ಣಗಾಗಿತ್ತು. ಸುಣ್ಣದ ಗೆರೆ ಇನ್ನು ಯಾರು ಎಳೆಯಬೇಕು ಎಂಬ ಪ್ರಶ್ನೆ ಸದಸ್ಯರಿಗೆ ಹೊಳೆಯುತ್ತಿದ್ದಂತೆ ಕ್ಷಮಾಗುಣ ಉಕ್ಕಿ ಹರಿಯತೊಡಗಿತು.

"ಹೋಗಲಿ ಬಿಡಿ, ಹುಡುಗುತನ," ಎಂದರು ಮೇಷ್ಟ್ರು.

"ಮೈದಾನ ಉಳಿಸಿದಾನಲ್ಲ, ಬಿಟ್ಟುಬಿಡೋಣ," ಎಂದ ಎಡಗಾಲಣ್ಣ.

"ಬಿಡೋದಾ!" ಸೆಕ್ರೆಟರಿ ಎದ್ದು ನಿಂತು ಕಿರುಚಿದ. "ಠರಾವು ಅಂದ್ರೆ ಏನಂತ ತಿಳ್ಕೊಂಡಿದ್ದೀರಿ? ಎಷ್ಟೇ ದೊಡ್ಡವರಾಗಿರಲಿ ಅಂತ ಬರೆದಿದೆ! ಕೆಳಗೆ ಎರಡು ಗೆರೆ ಎಳೆದಿದೆ! ಕಣ್ಣು ಕಾಣಲ್ವಾ? ನಾನು ಸೆಕ್ರೆಟರಿ ಆಗಿರೋತನಕ ಈ ಕ್ಲಬ್ಬಲ್ಲಿ ಬರೆದದ್ದು ಬರೆದದ್ದೇ! ಹೊರಗೆ ಹಾಕ್ರೀ ನನ್ನ!"

ಅವರು ಬೇಡವೆಂದು ಕೈ ಮುಗಿದರು. ಅವನು ಕೇಳಲಿಲ್ಲ. ತನ್ನ ವಜಾ ಆದೇಶವನ್ನು ತಾನೇ ಬರೆದು, ತಾನೇ ಓದಿ, ತಾನೇ ಸಹಿ ಹಾಕಿ, ಗೇಟಿನ ಬೀಗದ ಕೈ ಮೇಜಿನ ಮೇಲೆ ಬಿಸಾಕಿ ಹೊರಟ. ರಸ್ತೆಯ ತಿರುವಿನತನಕ ಅವನಿಗೆ ಗೆದ್ದ ಹಾಗಿತ್ತು. ತಿರುವು ದಾಟಿದ ಮೇಲೆ ತಾನು ಏನು ಮಾಡಿದೆ ಎಂಬುದು ಅರ್ಥವಾಯಿತು. ಹಿಂದಿರುಗಿ ಹೋಗಲು ಮರ್ಯಾದೆ ಬಿಡಲಿಲ್ಲ.

ಮುಂದಿನ ಭಾನುವಾರ ಹುಡುಗಿಯರ ಪಂದ್ಯ. ಮೈದಾನದ ಗೆರೆಗಳು ಹಾವು ಹರಿದ ಹಾಗಿದ್ದವು, ಏಕೆಂದರೆ ಒಂದು ತುದಿಯಿಂದ ಎಡಗಾಲಣ್ಣನೂ ಇನ್ನೊಂದು ತುದಿಯಿಂದ ಮೇಷ್ಟ್ರೂ ಎಳೆಯುತ್ತಾ ಬಂದು ನಡುವೆ ಎಲ್ಲೂ ಸಂಧಿಸಿರಲಿಲ್ಲ. ಸೆಕ್ರೆಟರಿ ತಂತಿಬೇಲಿಯ ಹೊರಗೆ ನಿಂತಿದ್ದ. ಇಪ್ಪತ್ತೆರಡು ವರ್ಷ ಪದಾಧಿಕಾರಿಯಾಗಿ ರೆಫ್ರಿಯ ವಿರುದ್ಧ ತುಟಿ ಪಿಟಕ್ಕೆನ್ನುವ ಹಾಗಿರಲಿಲ್ಲ. ಕ್ಲಬ್ಬಿನ ಶಿಸ್ತು ಅದು. ಅಷ್ಟು ವರ್ಷ ಒಳಗೆ ಹುದುಗಿದ್ದನ್ನೆಲ್ಲ ಊರ ಮೇಲೆ, ಗಿರಾಕಿಗಳ ಮೇಲೆ, ಮನೆಯ ಬೆಕ್ಕಿನ ಮೇಲೆ ಕಾರಿಕೊಂಡು ಬಂದಿದ್ದ. ಈಗ ಅವನು ಯಾರೂ ಅಲ್ಲ. ಎದುರು ಟೀಮಿನವಳು ಮಗಳ ಕಾಲಿಗೆ ಕಾಲು ಕೊಟ್ಟಳು. ರೆಫ್ರಿ ಸೀಟಿ ಊದಲಿಲ್ಲ.

"ಏಯ್ ರೆಫ್ರಿ! ಕಣ್ಣೇನು ಮನೇಲಿಟ್ಟು ಬಂದಿದ್ದೀಯಾ!"

ಅಲ್ಲಿಂದ ಆಟ ಮುಗಿಯುವತನಕ ಅವನ ಬಾಯಿ ಮುಚ್ಚಲಿಲ್ಲ. ಎರಡನೇ ಅರ್ಧದಲ್ಲಿ ಜನ ಆಟ ಬಿಟ್ಟು ಅವನ ಸುತ್ತ ನೆರೆದರು.

ಸೋಮವಾರ ಬೆಳಿಗ್ಗೆ ಅವನ ಗಂಟಲಿನಿಂದ ಗಾಳಿಯ ಹೊರತು ಏನೂ ಬರುತ್ತಿರಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಮದುವೆಯಾದಂದಿನಿಂದ ಗೋಡೆಯ ಮೇಲಿದ್ದ ಗಡಿಯಾರಕ್ಕೆ ಸದ್ದಿದೆ ಎಂಬುದು ಹೆಂಡತಿಗೆ ಅವತ್ತೇ ಗೊತ್ತಾಯಿತು.

ಹತ್ತು ಗಂಟೆಗೆ ಎಡಗಾಲಣ್ಣ, ಮೇಷ್ಟ್ರು ಇಬ್ಬರೂ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತರು. ಕೈ, ಅಂಗಿ, ಕನ್ನಡಕ ಎಲ್ಲ ಸುಣ್ಣ.

"ತಾಯೀ, ಠರಾವು ವಾಪಸು ತಗೊಂಡಿದೀವಿ," ಎಂದರು ಮೇಷ್ಟ್ರು. "ದಮ್ಮಯ್ಯ, ಅವನನ್ನ ಕಳಿಸಿಕೊಡು. ಇವನ ಜೊತೆ ನನಗೆ ಗೆರೆ ಎಳೆಯೋಕೆ ಆಗಲ್ಲ."

"ಇವರ ಜೊತೆ ನನಗೂ ಆಗಲ್ಲ," ಎಂದ ಎಡಗಾಲಣ್ಣ. "ಬರ್ತೀನಿ ಅಂತ ಒಂದು ಮಾತು ಹೇಳಲಿ ಸಾಕು."

ಸೆಕ್ರೆಟರಿ ಕುರ್ಚಿಯಿಂದ ಚಂಗನೆ ಎದ್ದ. ಬಾಯಿ ಅಗಲವಾಗಿ ತೆರೆದ. ಗಾಳಿ ಬಂತು. ಬಾಗಿಲ ಕಡೆ ಕೈ ಮಾಡಿದ, ತನ್ನ ಎದೆ ಮುಟ್ಟಿಕೊಂಡ, ತಲೆಯನ್ನು ಮೇಲೆ ಕೆಳಗೆ ಆಡಿಸಿದ, ಆಡಿಸಿದರೂ ಸಾಲದೆಂದು ಎರಡೂ ಮುಷ್ಟಿಯಿಂದ ಮೇಜು ಗುದ್ದಿದ. ಲೋಟ ಉರುಳಿತು. ಕಣ್ಣು ಕೆಂಪಗಾಗಿ ನೀರು ತುಂಬಿಕೊಂಡಿತು.

ಬಂದವರಿಬ್ಬರೂ ಬೆದರಿ ಒಂದು ಹೆಜ್ಜೆ ಹಿಂದೆ ಸರಿದರು. "ಏನಂತಿದಾನಮ್ಮಾ?"

ಹೆಂಡತಿ ಗಂಡನನ್ನು ನೋಡಿದಳು. ಗಡಿಯಾರವನ್ನು ನೋಡಿದಳು. ಅದು ಟಿಕ್ ಟಿಕ್ ಎನ್ನುತ್ತಿತ್ತು.

"ಬಾಗಿಲಾಚೆ ಹೋಗಿ ಅಂತಿದಾರೆ," ಎಂದಳು. "ತುಂಬಾ ಸಿಟ್ಟಲ್ಲಿದಾರೆ ನೋಡಿ. ಮುಂದಿನ ವರ್ಷ ಬನ್ನಿ."